ಎದುರು ಪಾರ್ಟಿ

ಶಿವಗಂಗೆ ಬೆಟ್ಟದ ಮೆಟ್ಟಿಲು ಶುರುವಾಗುವ ಕಡೆ ನಾನು ಯಾವಾಗಲೂ ನಿಲ್ಲುವ ಒಂದು ಟೀ ಅಂಗಡಿ ಇದೆ. ಅಂಗಡಿ ಮುಂದೆ ಎರಡು ಕಲ್ಲುಬೆಂಚು. 2025ರ ಸೆಪ್ಟೆಂಬರ್ 15, ಸೋಮವಾರ ಬೆಳಗ್ಗೆ ಎರಡೂ ತುಂಬಿದ್ದವು. ಹಿಂದಿನ ರಾತ್ರಿ ದುಬೈಯಲ್ಲಿ ಏಷ್ಯಾ ಕಪ್ ಪಂದ್ಯದಲ್ಲಿ ಭಾರತ ಪಾಕಿಸ್ತಾನವನ್ನು ಏಳು ವಿಕೆಟ್‌ಗಳಿಂದ ಸೋಲಿಸಿತ್ತು. ಆದರೆ ಯಾರ ಬಾಯಲ್ಲೂ ರನ್ನು, ವಿಕೆಟ್ಟಿನ ಮಾತಿರಲಿಲ್ಲ. ಟಾಸ್ ಹೊತ್ತಿನಲ್ಲಿ ಸೂರ್ಯಕುಮಾರ್ ಯಾದವ್ ಎದುರು ನಾಯಕ ಸಲ್ಮಾನ್ ಆಘಾ ಅವರ ಕೈ ಕುಲುಕಲಿಲ್ಲ. ಆಟ ಮುಗಿದ ಮೇಲೂ ನಮ್ಮವರು ಕೈ ಕುಲುಕದೆ ಸೀದಾ ಒಳಗೆ ಹೋದರು. ಅದು ಸರಿಯೋ ತಪ್ಪೋ ಅನ್ನುವುದೇ ಮಾತು.

ಎಡಗಡೆ ಬೆಂಚಿನಲ್ಲಿ ಹೂಕಾಯಿ ಮಾರುವ ಹಿರಿಯರು. “ಆಡೋಕೆ ಅಂತ ಇಳಿದ ಮೇಲೆ ಕೈ ಕುಲುಕಬೇಕು. ಮನಸಿಲ್ವಾ, ಆಡಲೇಬಾರದು” ಅಂದರು. ಬಲಗಡೆ ಬೆಂಚಿನಲ್ಲಿ ದಾಬಸ್‌ಪೇಟೆಯಿಂದ ಆಟೋ ತರುವವರು. “ಪಹಲ್ಗಾಮಲ್ಲಿ ಇಪ್ಪತ್ತಾರು ಜನ ಹೋದ್ರು. ಹೆಂಡ್ತೀರ ಮುಂದೇನೇ ಗಂಡಂದಿರನ್ನ ಕೊಂದ್ರು. ಅದಾದ ಮೇಲೆ ಯಾವ ಕೈ ಕುಲುಕೋದು?” ಅಂದರು. ಇಬ್ಬರ ದನಿಯಲ್ಲೂ ನೋವಿತ್ತು, ಇಬ್ಬರದೂ ಯೋಚಿಸಿ ಆಡಿದ ಮಾತು. ಆದರೆ ಇಬ್ಬರೂ ಒಬ್ಬರಿಗೊಬ್ಬರು ಹೇಳುತ್ತಿರಲಿಲ್ಲ. ಇಬ್ಬರೂ ಅಂಗಡಿಯವನ ಮುಖ ನೋಡಿಕೊಂಡು ಮಾತಾಡುತ್ತಿದ್ದರು.

ಕಾರಣ ನನಗೆ ಗೊತ್ತು. ಇಬ್ಬರೂ ಒಂದೇ ಹಳ್ಳಿಯವರು, ಹೊಲ ಅಕ್ಕಪಕ್ಕ. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಒಬ್ಬರ ಕಡೆಯವರು ಕೆಲವೇ ಮತಗಳಲ್ಲಿ ಗೆದ್ದರು, ಇನ್ನೊಬ್ಬರ ಕಡೆಯವರು ಸೋತರು. ಅವತ್ತಿನಿಂದ ಮಾತಿಲ್ಲ. ದಿನಾ ಬೆಳಗ್ಗೆ ಆರಕ್ಕೆ ಹಾಲಿನ ಡೇರಿಯ ಒಂದೇ ಸಾಲಿನಲ್ಲಿ ಕ್ಯಾನು ಹಿಡಿದು ನಿಲ್ಲುತ್ತಾರೆ. ಒಬ್ಬರ ಹಾಲಿಗೆ ಫ್ಯಾಟ್ ಎಷ್ಟು ಬಂತು ಅಂತ ಇನ್ನೊಬ್ಬರ ಕಿವಿಗೆ ಬೀಳುತ್ತದೆ. ಆದರೂ “ಚೆನ್ನಾಗಿದ್ದೀಯಾ” ಅನ್ನುವ ಒಂದು ಮಾತು ಐದು ವರ್ಷದಲ್ಲಿ ಆಗಿಲ್ಲ.

ಹಿರಿಯರು ನನ್ನ ಕಡೆ ತಿರುಗಿ, “ನೀವು ಹೇಳಿ ಸಾರ್, ಕುಲುಕಬೇಕಿತ್ತಾ ಬೇಡ್ವಾ?” ಅಂದರು. ತಟ್ಟನೆ ಉತ್ತರ ಬರಲಿಲ್ಲ. ಹತ್ತಿ ಇಳಿದು ಬಂದು ಹೇಳುತ್ತೇನೆ ಅಂದೆ. ಮೆಟ್ಟಿಲು ಹತ್ತುವಾಗ ತಲೆಯಲ್ಲಿದ್ದದ್ದು ದುಬೈಗಿಂತ ಹೆಚ್ಚಾಗಿ ಆ ಎರಡು ಬೆಂಚು.

ಪೈಪೋಟಿಗೆ ಕನ್ನಡದಲ್ಲಿ ಬೇರೆ ಬೇರೆ ತೂಕದ ಮಾತುಗಳಿವೆ. ಪೈಪೋಟಿ ಇಬ್ಬರನ್ನೂ ಬೆಳೆಸುತ್ತದೆ. ಜಿದ್ದು ಅಂದರೆ ನಾನು ಗೆಲ್ಲುವುದಕ್ಕಿಂತ ಅವನು ಸೋಲುವುದು ಮುಖ್ಯ ಆಗುವುದು. ಹಗೆಗೆ ಗೆಲುವು ಸೋಲು ಎರಡೂ ಬೇಡ, ಅದು ಕಾಯುತ್ತದೆ. ಆಟದಲ್ಲಿ ಎದುರಿಗೆ ನಿಲ್ಲುವವನು ಎದುರಾಳಿ. ಆ ಪದದಲ್ಲಿ ‘ಆಳು’ ಇದ್ದಾನೆ, ಅವನಿಲ್ಲದಿದ್ದರೆ ಆಟವೇ ಇಲ್ಲ. ಹಳ್ಳಿಯಲ್ಲಿ ಎದುರಿಗಿರುವುದು ಎದುರು ಪಾರ್ಟಿ. ಈ ‘ಪಾರ್ಟಿ’ ಬರೀ ಕಾಂಗ್ರೆಸ್, ದಳ, ಬಿಜೆಪಿ ಅಲ್ಲ. ಕೋರ್ಟಿನಲ್ಲಿ ನಮ್ಮ ಮೇಲೆ ದಾವೆ ಹಾಕಿದವನೂ ಎದುರು ಪಾರ್ಟಿ, ಜಾತ್ರೆಯ ಲೆಕ್ಕ ಕೇಳಿದವನೂ ಎದುರು ಪಾರ್ಟಿ. ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿದ್ದು, ಅದಕ್ಕೆ ರಾಂಪುರ ಎಂದು ಹೆಸರಿಟ್ಟು ಬರೆದಾಗಲೂ ಯಜಮಾನರ ಸುತ್ತ ಕಟ್ಟಿಕೊಂಡ ಇಂಥ ಗುಂಪುಗಳನ್ನು ಕಂಡಿದ್ದರು. ಊರಿನ ಪಾರ್ಟಿಗೆ ರಾಜಕೀಯದ ಬಾವುಟ ಸಿಕ್ಕಿದ್ದು ಆಮೇಲೆ.

ಆಟ ಆಟವಾಗಿಯೇ ಉಳಿಯಬೇಕು ಅನ್ನುವ ಹಿರಿಯರ ಪಕ್ಷವನ್ನು ಮೊದಲು ತೂಗುತ್ತೇನೆ. ಅದಕ್ಕೆ ಸಾಕ್ಷಿಯಾಗಿ ನನಗೆ ನೆನಪಾಗುವುದು ನಮ್ಮವರೇ ಆದ ಬೌಲರ್ ವೆಂಕಟೇಶ್ ಪ್ರಸಾದ್.

1996ರ ಮಾರ್ಚ್ 9, ಪಾಕಿಸ್ತಾನದ ವಿರುದ್ಧ ವಿಶ್ವಕಪ್ ಕ್ವಾರ್ಟರ್ ಫೈನಲ್. ಇಲ್ಲಿಂದ ಅರವತ್ತು ಕಿಲೋಮೀಟರಿನೊಳಗಿನ ಚಿನ್ನಸ್ವಾಮಿ ಕ್ರೀಡಾಂಗಣ. ದಾಬಸ್‌ಪೇಟೆಯ ಒಂದು ಅಂಗಡಿಯ ಟಿವಿ ಮುಂದೆ ನಾವು ರಸ್ತೆವರೆಗೂ ನಿಂತಿದ್ದೆವು. ಆಮಿರ್ ಸೊಹೈಲ್ ಪ್ರಸಾದ್ ಎಸೆತವನ್ನು ಬೌಂಡರಿಗೆ ಅಟ್ಟಿ, ಚೆಂಡು ಹೋದ ದಿಕ್ಕಿಗೆ ಬ್ಯಾಟು ತೋರಿಸಿದರು. ಮುಂದಿನ ಎಸೆತದಲ್ಲಿ ಆಫ್ ಸ್ಟಂಪು ಎಗರಿತು. ಪ್ರಸಾದ್ ಪೆವಿಲಿಯನ್ ಕಡೆ ಕೈ ತೋರಿಸಿ ಏನೋ ಕೂಗಿದರು. ಆ ಕ್ಷಣ ನಮ್ಮ ಬೀದಿಯಲ್ಲಿ ಎದ್ದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಭಾರತ 39 ರನ್ನುಗಳಿಂದ ಗೆದ್ದಿತು. ಅಲ್ಲಿ ಇದ್ದದ್ದು ಜಿದ್ದೇ, ಅದನ್ನು ಮುಚ್ಚಿಡುವುದು ಬೇಡ. ಆದರೆ ಅದು ಇಪ್ಪತ್ತೆರಡು ಗಜದೊಳಗೆ ಹುಟ್ಟಿ, ಅಷ್ಟರಲ್ಲೇ ಮುಗಿಯಿತು. ಆಮೇಲಿನ ವರ್ಷಗಳಲ್ಲಿ ಇಬ್ಬರೂ ಆ ಘಳಿಗೆಯನ್ನು ಹಗೆಯಿಲ್ಲದೆ ನೆನೆದಿದ್ದಾರೆ.

ಮೂರು ವರ್ಷ ಕಳೆದು, 1999ರ ಜನವರಿ. ಪಾಕಿಸ್ತಾನ ತಂಡ ಭಾರತಕ್ಕೆ ಬರಬಾರದು ಎಂದು ಶಿವಸೇನೆಯವರು ದೆಹಲಿಯ ಕೋಟ್ಲಾ ಮೈದಾನದ ಪಿಚ್ ಅಗೆದರು. ಮೊದಲ ಟೆಸ್ಟ್ ಚೆನ್ನೈಗೆ ಹೋಯಿತು. ಅಲ್ಲಿ ಎರಡನೇ ಇನಿಂಗ್ಸಿನಲ್ಲಿ ಪ್ರಸಾದ್ 33 ರನ್ನಿಗೆ 6 ವಿಕೆಟ್ ತೆಗೆದರು, ಸಚಿನ್ 136 ಹೊಡೆದರು. ಆದರೂ ಭಾರತ 12 ರನ್ನಿನಿಂದ ಸೋತಿತು. ಸ್ವಲ್ಪ ಹೊತ್ತು ಮೈದಾನ ಸ್ತಬ್ಧವಾಯಿತು. ಆಮೇಲೆ ಚೆಪಾಕಿನ ಜನ ಎದ್ದು ನಿಂತು ಗೆದ್ದ ಪಾಕಿಸ್ತಾನಕ್ಕೆ ಚಪ್ಪಾಳೆ ತಟ್ಟಿದರು. ಆ ತಂಡ ಮೈದಾನ ಸುತ್ತಿ ಜನರಿಗೆ ವಂದಿಸಿತು. ಒಂದೇ ತಿಂಗಳಲ್ಲಿ ಒಂದು ಊರಲ್ಲಿ ಪಿಚ್ ಅಗೆತ, ಇನ್ನೊಂದು ಊರಲ್ಲಿ ಎದ್ದುನಿಂತ ಚಪ್ಪಾಳೆ. ಎರಡೂ ನಮ್ಮ ದೇಶವೇ. ಅದೇ ವರ್ಷ ಜೂನ್ 8ರಂದು ಕಾರ್ಗಿಲ್‌ನಲ್ಲಿ ಯುದ್ಧ ನಡೆಯುತ್ತಿರುವಾಗಲೇ ಮ್ಯಾಂಚೆಸ್ಟರಿನಲ್ಲಿ ಭಾರತ–ಪಾಕಿಸ್ತಾನದ ವಿಶ್ವಕಪ್ ಪಂದ್ಯ ನಡೆಯಿತು. ಪ್ರಸಾದ್ 27 ರನ್ನಿಗೆ 5 ವಿಕೆಟ್ ತೆಗೆದರು, ಭಾರತ 47 ರನ್ನಿನಿಂದ ಗೆದ್ದಿತು. ಯುದ್ಧದ ನಡುವೆಯೂ ಆಟ ಆಡಬಹುದು ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಉದಾಹರಣೆ ನನಗೆ ಗೊತ್ತಿಲ್ಲ.

ಗಂಗಾಧರೇಶ್ವರನ ಗವಿ ದಾಟಿ ಮೇಲೆ ಹೋದರೆ ಒಳಕಲ್ಲು ತೀರ್ಥ. ಬಂಡೆಯೊಳಗೆ ಒರಳಿನಂಥ ಒಂದು ಕುಳಿ. ಬಗ್ಗಿ, ತೋಳು ಪೂರ್ತಿ ಇಳಿಬಿಟ್ಟು ನೀರು ಮುಟ್ಟಬೇಕು. ಕೆಲವರಿಗೆ ಸಿಗುತ್ತದೆ, ಕೆಲವರಿಗೆ ಸಿಗುವುದಿಲ್ಲ. ಸಿಕ್ಕವರು ಪುಣ್ಯವಂತರು ಅಂತ ನಂಬಿಕೆ. ಅವತ್ತು ನನ್ನ ಮುಂದಿದ್ದ ಹೆಣ್ಣುಮಗಳು ಎರಡು ಸಲ ಕೈಹಾಕಿದರೂ ನೀರು ಸಿಗದೆ, ಮುಖ ಸಣ್ಣ ಮಾಡಿಕೊಂಡು ಎದ್ದಳು. ಹಿಂದೆ ನಿಂತಿದ್ದ, ಅವಳಿಗೆ ಗುರುತೇ ಇಲ್ಲದ ಮುದುಕಿಯೊಬ್ಬಳು ಸಿಕ್ಕ ನೀರನ್ನು ಅಂಗೈಯಲ್ಲಿ ಹಿಡಿದು ತಂದು ಅವಳ ತಲೆಗೆ ಚಿಮುಕಿಸಿದಳು. ಸೋಲು ಗೆಲುವಿನ ಎಷ್ಟೋ ಮಾತಿಗಿಂತ ಆ ಮೂರು ಹನಿ ನನಗೆ ದೊಡ್ಡದಾಗಿ ಕಂಡಿತು.

ಈಗ ಆಟೋದವರ ಪಕ್ಷ. ಅದನ್ನು ಹಗುರ ಮಾಡಿ ನೋಡುವ ಹಕ್ಕು ನನಗಿಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಸತ್ತ 26 ಜನರಲ್ಲಿ ಶಿವಮೊಗ್ಗದವರಿದ್ದರು, ಬೆಂಗಳೂರಿನವರಿದ್ದರು. ಕೈ ಕುಲುಕುವುದು ಬರೀ ಅಭ್ಯಾಸ ಅಲ್ಲ, ಅದಕ್ಕೊಂದು ಅರ್ಥವಿದೆ. ಅರ್ಥ ಇರುವುದರಿಂದಲೇ ಅದನ್ನು ತಡೆಹಿಡಿಯುವುದಕ್ಕೂ ಅರ್ಥ ಬರುತ್ತದೆ. ಸೂರ್ಯಕುಮಾರ್ ಪಂದ್ಯದ ನಂತರ ಹೇಳಿದ್ದೂ ಇದನ್ನೇ: ಕೆಲವು ಸಂಗತಿಗಳು ಕ್ರೀಡಾಮನೋಭಾವಕ್ಕಿಂತ ಮುಂದಿನವು ಅಂತ. ಇತಿಹಾಸದಲ್ಲಿ ಈ ವಾದಕ್ಕೆ ಬಲವೂ ಇದೆ. 1974ರಲ್ಲಿ ಡೇವಿಸ್ ಕಪ್ ಟೆನಿಸ್ ಫೈನಲ್ ತಲುಪಿದ್ದ ಭಾರತ, ವರ್ಣಭೇದದ ದಕ್ಷಿಣ ಆಫ್ರಿಕದ ಜೊತೆ ಆಡದೆ ಕಪ್ ಬಿಟ್ಟುಕೊಟ್ಟಿತು. ತಂಡದಲ್ಲಿದ್ದ ಅಮೃತರಾಜ್ ಸಹೋದರರಿಗೆ ಅದು ಜೀವಮಾನದ ಅವಕಾಶವಾಗಿತ್ತು. ಇವತ್ತು ಹೆಚ್ಚಿನವರು ಅದನ್ನು ತಪ್ಪು ಅನ್ನುವುದಿಲ್ಲ. ವರ್ಣಭೇದ ಸಡಿಲವಾದ ಮೇಲೆ 1991ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕ ಅಂತರರಾಷ್ಟ್ರೀಯ ಕ್ರಿಕೆಟ್ಟಿಗೆ ಮರಳಿದ್ದೂ ಭಾರತದ ನೆಲದಲ್ಲೇ, ಕಲ್ಕತ್ತದಲ್ಲಿ. ಆಟ ನಿರಾಕರಿಸುವುದೂ ಒಂದು ಮಾತು, ಕೆಲವೊಮ್ಮೆ ಅದೇ ಸರಿಯಾದ ಮಾತು.

ನನಗೆ ಕಷ್ಟವಾಗುವುದು ನಡುವಿನ ದಾರಿ. ಪಾಕಿಸ್ತಾನದ ಜೊತೆ ಭಾರತದ ಕೊನೆಯ ದ್ವಿಪಕ್ಷೀಯ ಸರಣಿ ಶುರುವಾದದ್ದು ಬೆಂಗಳೂರಿನಲ್ಲೇ, 2012ರ ಡಿಸೆಂಬರ್ 25ರಂದು. ಅದಾದ ಮೇಲೆ ಸರಣಿ ಇಲ್ಲ, ಆದರೆ ಹಲವು ದೇಶಗಳ ಟೂರ್ನಿಯಲ್ಲಿ ಆಟ ಇದೆ. ಅಂದರೆ ಟಿಕೆಟ್ಟಿನ ದುಡ್ಡು, ಜಾಹೀರಾತಿನ ದುಡ್ಡು, ಟಿವಿಯ ದುಡ್ಡು ಎಲ್ಲ ಬರಲಿ, ಕೈ ಮಾತ್ರ ಬೇಡ. ಸೆಪ್ಟೆಂಬರ್ 28ರಂದು ಫೈನಲ್ ಗೆದ್ದಾಗ ಏಷ್ಯಾ ಕ್ರಿಕೆಟ್ ಮಂಡಳಿಯ ಅಧ್ಯಕ್ಷ, ಪಾಕಿಸ್ತಾನದ ಸಚಿವರೂ ಆದ ಮೊಹ್ಸಿನ್ ನಖ್ವಿ ಅವರಿಂದ ನಮ್ಮವರು ಕಪ್ ಪಡೆಯಲಿಲ್ಲ. ಅಕ್ಟೋಬರಿನಲ್ಲಿ ಕೊಲಂಬೋದಲ್ಲಿ ಮಹಿಳಾ ತಂಡವೂ ಕೈ ಕುಲುಕಲಿಲ್ಲ. ದಕ್ಷಿಣ ಆಫ್ರಿಕದ ಬಹಿಷ್ಕಾರದಲ್ಲಿ ನಾವು ಏನನ್ನೋ ಕಳೆದುಕೊಂಡೆವು, ಅದೇ ಆ ಮಾತಿಗೆ ತೂಕ ಕೊಟ್ಟಿತು. ಇಲ್ಲಿ ಕಳೆದುಕೊಂಡದ್ದು ಕಡಿಮೆ. ಆದರೂ ಆಟಗಾರರನ್ನು ನಾನು ದೂರುವುದಿಲ್ಲ. ಆಡಬೇಕೋ ಬೇಡವೋ ಅನ್ನುವುದು ಅವರ ತೀರ್ಮಾನವಾಗಿರಲಿಲ್ಲ. ಅವರ ಕೈಯಲ್ಲಿ ಉಳಿದಿದ್ದದ್ದು ಕೈಯೊಂದೇ.

ಒಂಟಿ ಆಟಗಾರನ ಮೇಲೆ ಇದರ ಭಾರ ಎಷ್ಟು ಬೀಳುತ್ತದೆ ಅನ್ನುವುದನ್ನು ನೀರಜ್ ಚೋಪ್ರಾ ಕಂಡರು. 2024ರ ಪ್ಯಾರಿಸ್ ಒಲಿಂಪಿಕ್ಸಿನ ಜಾವೆಲಿನ್ ಸ್ಪರ್ಧೆಯಲ್ಲಿ ಪಾಕಿಸ್ತಾನದ ಅರ್ಷದ್ ನದೀಮ್ 92.97 ಮೀಟರ್ ಎಸೆದು ಚಿನ್ನ ಗೆದ್ದರು, ನೀರಜ್ 89.45 ಎಸೆದು ಬೆಳ್ಳಿ. ಇಬ್ಬರ ತಾಯಂದಿರೂ ಎದುರು ಹುಡುಗನನ್ನು ತಮ್ಮ ಮಗನಂತೆ ಅಂದರು. ಆ ಮಾತು ಎರಡೂ ದೇಶದಲ್ಲಿ ಎಷ್ಟೋ ಮನೆಗಳ ಕಣ್ಣು ಒದ್ದೆ ಮಾಡಿತು. ಮುಂದಿನ ವರ್ಷ ನೀರಜ್ ತಮ್ಮ ಹೆಸರಿನ ಸ್ಪರ್ಧೆಗೆ ಅರ್ಷದರನ್ನೂ ಕರೆದರು. ಕರೆ ಹೋದದ್ದು ಪಹಲ್ಗಾಮ್‌ಗಿಂತ ಮೊದಲು. ಆಮೇಲೆ ನೀರಜ್ ಮೇಲೂ ಅವರ ಮನೆಯವರ ಮೇಲೂ ಬೈಗುಳ ಸುರಿಯಿತು. ಹಿಂದೊಮ್ಮೆ ದೇಶಕ್ಕೆ ಚಿನ್ನ ತಂದಿದ್ದವನು ತನ್ನ ದೇಶಪ್ರೇಮಕ್ಕೆ ಪುರಾವೆ ಕೊಡಬೇಕಾಯಿತು. ಮುಂದೂಡಿದ ಆ ಸ್ಪರ್ಧೆ ಜುಲೈ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆಯಿತು, ನೀರಜ್ 86.18 ಮೀಟರ್ ಎಸೆದು ಗೆದ್ದರು. ಅರ್ಷದ್ ಬಂದಿರಲಿಲ್ಲ. ಇನ್ನು ಎಲ್ಲ ಮೊದಲಿನಂತೆ ಇರುವುದಿಲ್ಲ ಅಂತ ಅಷ್ಟರಲ್ಲಿ ನೀರಜ್ ಅವರೇ ಹೇಳಿದ್ದರು.

ಆಟವೇ ಪವಿತ್ರ, ರಾಜಕೀಯ ಬಂದು ಕೆಡಿಸಿತು ಅನ್ನುವುದೂ ಪೂರ್ತಿ ನಿಜವಲ್ಲ. ಬೆಂಗಳೂರಿನಲ್ಲಿ ಗೆದ್ದ ನಾಲ್ಕೇ ದಿನಕ್ಕೆ, 1996ರ ಮಾರ್ಚ್ 13ರಂದು, ಈಡನ್ ಗಾರ್ಡನ್ಸಿನಲ್ಲಿ ಶ್ರೀಲಂಕಾ ವಿರುದ್ಧ ಸೋಲು ಕಂಡಾಗ ನಮ್ಮ ಜನವೇ ಬಾಟಲಿ ಎಸೆದು ಪಂದ್ಯ ನಿಲ್ಲಿಸಿದರು. ಆ ಜನಕ್ಕೆ ಯಾವ ಶತ್ರು ದೇಶವೂ ಬೇಕಿರಲಿಲ್ಲ. 2025ರ ಜೂನ್ 4ರಂದು ಆರ್‌ಸಿಬಿ ಗೆಲುವಿನ ಸಂಭ್ರಮದಲ್ಲಿ ಚಿನ್ನಸ್ವಾಮಿ ಗೇಟುಗಳ ಹತ್ತಿರ ಕಾಲ್ತುಳಿತಕ್ಕೆ 11 ಜನ ಸತ್ತರು. ಅವತ್ತೇ ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನ ನಡೆದಿತ್ತು. ಅಭಿಮಾನಕ್ಕೆ ಅಂಕೆ ಇಲ್ಲದಿದ್ದರೆ ಎದುರಾಳಿ ಇಲ್ಲದೆಯೂ ಅದು ಜೀವ ತೆಗೆಯುತ್ತದೆ.

ಬೆಟ್ಟದ ಮೇಲಿನ ಅರ್ಧ ಕಡಿದು. ಬಂಡೆಯಲ್ಲಿ ಕೊರೆದ ಮೆಟ್ಟಿಲು, ಪಕ್ಕದಲ್ಲಿ ಹಿಡಿಯಲು ಕಂಬಿ, ಕೈಯಲ್ಲಿ ಏನಿದ್ದರೂ ಕಸಿಯಲು ಕೋತಿಗಳು. ಅಲ್ಲಿ ಕುಳಿತು ಸುಧಾರಿಸಿಕೊಳ್ಳುವಾಗ ಪೂರ್ವಕ್ಕೆ ನೋಡಿದೆ. ಆ ದಿಕ್ಕಿನ ಕೊನೆಗೆ ಹೊಸಕೋಟೆ, ನಮ್ಮದೇ ಜಿಲ್ಲೆಯ ಇನ್ನೊಂದು ತುದಿ.

ಹೊಸಕೋಟೆಯ ಕಥೆ ಪಕ್ಷ ಅಂದರೇನು ಅನ್ನುವ ಪ್ರಶ್ನೆಯನ್ನು ನೇರವಾಗಿ ಎತ್ತಿ ತೋರಿಸುತ್ತದೆ. 2018ರಲ್ಲಿ ಕಾಂಗ್ರೆಸ್ಸಿನ ಎಂ.ಟಿ.ಬಿ. ನಾಗರಾಜ್ ಬಿಜೆಪಿಯ ಶರತ್ ಬಚ್ಚೇಗೌಡರನ್ನು 7 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಮರುವರ್ಷ ಮೈತ್ರಿ ಸರಕಾರ ಬಿದ್ದಾಗ ರಾಜೀನಾಮೆ ಕೊಟ್ಟವರಲ್ಲಿ ಎಂ.ಟಿ.ಬಿ. ಒಬ್ಬರು. ಡಿಸೆಂಬರಿನ ಉಪಚುನಾವಣೆಗೆ ಅವರು ಬಿಜೆಪಿ ಅಭ್ಯರ್ಥಿ. ಆ ಪಕ್ಷದಲ್ಲೇ ಇದ್ದ ಶರತ್ ಪಕ್ಷೇತರರಾಗಿ ನಿಂತು 11 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. 2023ರಲ್ಲಿ ಶರತ್ ಕಾಂಗ್ರೆಸ್ಸಿನಿಂದ, ಎಂ.ಟಿ.ಬಿ. ಬಿಜೆಪಿಯಿಂದ. ಮತ್ತೆ ಶರತ್ ಗೆದ್ದರು, ಅಂತರ 5 ಸಾವಿರದಷ್ಟು. ಐದು ವರ್ಷದಲ್ಲಿ ಇಬ್ಬರು ಎದುರಾಳಿಗಳು ಬಾವುಟ ಅದಲು ಬದಲು ಮಾಡಿಕೊಂಡಿದ್ದರು. ಜಿದ್ದು ಮಾತ್ರ ಇದ್ದಲ್ಲೇ ಇತ್ತು.

ನಮ್ಮ ನೆಲಮಂಗಲದ್ದು ಇನ್ನೊಂದು ಬಗೆ. ನಾವು ಬೆಂಗಳೂರು ಗ್ರಾಮಾಂತರ ಜಿಲ್ಲೆಯವರಾದರೂ ಲೋಕಸಭೆಗೆ ಮತ ಹಾಕುವುದು ಚಿಕ್ಕಬಳ್ಳಾಪುರ ಕ್ಷೇತ್ರಕ್ಕೆ. 2014ರಲ್ಲಿ ಅಲ್ಲಿ ಕಾಂಗ್ರೆಸ್ಸಿನ ವೀರಪ್ಪ ಮೊಯಿಲಿ, ಬಿಜೆಪಿಯ ಬಿ.ಎನ್. ಬಚ್ಚೇಗೌಡ, ಜೆಡಿಎಸ್‌ನ ಕುಮಾರಸ್ವಾಮಿ ಮೂವರೂ ಎದುರುಬದುರು. 2019ರಲ್ಲಿ ಜೆಡಿಎಸ್ ಕಾರ್ಯಕರ್ತ ಕಾಂಗ್ರೆಸ್ಸಿಗೆ ಮತ ಕೇಳಬೇಕಾಯಿತು. 2024ರಲ್ಲಿ ಅದೇ ಕಾರ್ಯಕರ್ತ ಬಿಜೆಪಿಯ ಡಾ. ಕೆ. ಸುಧಾಕರ್ ಅವರಿಗೆ ಮತ ಕೇಳಬೇಕಾಯಿತು. ಮೂರು ಚುನಾವಣೆ, ಮೂರು ಬಗೆ. ಮೇಲಿನವರು ಒಂದೇ ವೇದಿಕೆಯಲ್ಲಿ ಕೈ ಕೈ ಹಿಡಿದು ಎತ್ತಿದ ಚಿತ್ರ ಪೇಪರಿನಲ್ಲಿ ಬಂತು. ಕೆಳಗೆ, ಹಿಂದಿನ ಚುನಾವಣೆಯಲ್ಲಿ ಒಬ್ಬರ ಮೇಲೊಬ್ಬರು ಠಾಣೆಗೆ ದೂರು ಕೊಟ್ಟವರು ಒಂದೇ ಜೀಪಿನಲ್ಲಿ ಪ್ರಚಾರಕ್ಕೆ ಹೊರಟರು. ಕನ್ನಡದಲ್ಲಿ ‘ಕೈ ಹಿಡಿದರು’ ಅಂದರೆ ಕಾಪಾಡಿದರು, ‘ಕೈ ಕೊಟ್ಟರು’ ಅಂದರೆ ನಂಬಿಸಿ ಬಿಟ್ಟರು. ಆ ಚಿತ್ರ ನೋಡಿದ ಕಾರ್ಯಕರ್ತರಲ್ಲಿ ಕೆಲವರಿಗೆ ಮೊದಲನೆಯದು ಕಂಡಿತು, ಕೆಲವರಿಗೆ ಎರಡನೆಯದು.

ಎರಡೂ ನೋಟಕ್ಕೆ ನ್ಯಾಯ ಇದೆ. ಇದು ಮೋಸ ಅನ್ನುವವರ ಮಾತು ಹೀಗೆ: ಸಿದ್ಧಾಂತ ಅಂತ ನಂಬಿ ನಾವು ಅಣ್ಣತಮ್ಮಂದಿರನ್ನು ದೂರ ಮಾಡಿಕೊಂಡೆವು, ನೀವು ರಾತ್ರೋರಾತ್ರಿ ರಾಜಿಯಾದಿರಿ. ನಮ್ಮ ಹಗೆಯನ್ನು ಬಂಡವಾಳ ಮಾಡಿಕೊಂಡಿರಿ. ಇನ್ನೊಂದು ಕಡೆಯವರು ಹೇಳುವುದು: ಮೇಲಿನವರು ರಾಜಿಯಾಗಬಲ್ಲರು ಅಂದರೆ ಹಗೆ ಶಾಶ್ವತವಲ್ಲ ಅಂತ. ಶಾಶ್ವತ ಹಗೆಯ ಪಕ್ಷಗಳಿರುವ ದೇಶಗಳ ಪಾಡು ನೋಡಿ. ಎದುರು ಪಕ್ಷದವನನ್ನು ನಂಬಿ ದೊಡ್ಡ ಕೆಲಸ ಒಪ್ಪಿಸಿದ್ದೂ ಇದೇ ದೇಶ. 1994ರಲ್ಲಿ ಜಿನೀವಾದ ಮಾನವ ಹಕ್ಕುಗಳ ಸಭೆಯಲ್ಲಿ ಕಾಶ್ಮೀರದ ವಿಷಯ ಬಂದಾಗ ಪ್ರಧಾನಿ ನರಸಿಂಹರಾವ್ ಭಾರತದ ನಿಯೋಗಕ್ಕೆ ನಾಯಕನನ್ನಾಗಿ ಕಳಿಸಿದ್ದು ವಿರೋಧ ಪಕ್ಷದ ನಾಯಕ ವಾಜಪೇಯಿಯವರನ್ನು. ನನ್ನ ಮಟ್ಟಿಗೆ ಜಿನೀವಾ ಒಂದು, ಹೊಸಕೋಟೆ ಬೇರೊಂದು. ಅಲ್ಲಿ ಇಬ್ಬರೂ ತಮ್ಮ ತಮ್ಮ ಜಾಗದಲ್ಲಿ ನಿಂತು ಕೈ ಜೋಡಿಸಿದರು. ಇಲ್ಲಿ ಜಾಗವನ್ನೇ ಬದಲಿಸಿದರು.

ಆಟದಿಂದ ರಾಜಕೀಯ ಕಲಿಯಬಹುದಾದ ದೊಡ್ಡ ಪಾಠ ಕೈ ಕುಲುಕುವುದಲ್ಲ, ಅಂಪೈರು ಅಂತ ನನಗೆ ಹೊಳೆದದ್ದು ಆ ಬಂಡೆಯ ಮೇಲೆ. ಒಂದು ಕಾಲದಲ್ಲಿ ಟೆಸ್ಟ್ ಪಂದ್ಯಕ್ಕೆ ಆತಿಥೇಯ ದೇಶದವರೇ ಅಂಪೈರುಗಳು. ಭಾರತ–ಪಾಕಿಸ್ತಾನ ಆಡಿದಾಗಲೆಲ್ಲ ಸೋತವರು ಬೆರಳು ತೋರುತ್ತಿದ್ದದ್ದು ಅಂಪೈರ್ ಕಡೆಗೆ. ಬರೀ ಆಟದ ಜಿದ್ದಿಗೆ ಅನ್ಯಾಯದ ಭಾವನೆ ಸೇರಿದಾಗ ಅದು ಹಗೆಯಾಗುತ್ತದೆ. ಆ ಪದ್ಧತಿಯನ್ನು ಮುರಿದದ್ದು ಪಾಕಿಸ್ತಾನ. 1986ರ ನವೆಂಬರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಲಾಹೋರ್ ಟೆಸ್ಟಿಗೆ ತಟಸ್ಥ ಅಂಪೈರುಗಳನ್ನು ಕರೆಸಿದರು. ಬಂದವರು ಇಬ್ಬರೂ ಭಾರತೀಯರು, ವಿ.ಕೆ. ರಾಮಸ್ವಾಮಿ ಮತ್ತು ಪಿಲೂ ರಿಪೋರ್ಟರ್. ಲಾಹೋರಿನಲ್ಲಿ, ಪಾಕಿಸ್ತಾನದ ಆಟಗಾರ ಔಟೋ ಅಲ್ಲವೋ ಅಂತ ಭಾರತದವನು ಹೇಳಲಿ ಅಂತ ಪಾಕಿಸ್ತಾನವೇ ಒಪ್ಪಿತ್ತು. ಮುಂದಿನ ವರ್ಷಗಳಲ್ಲಿ ಹಂತಹಂತವಾಗಿ ತಟಸ್ಥ ಅಂಪೈರ್ ಎಲ್ಲರ ಪದ್ಧತಿಯಾಯಿತು. ಅಂಪೈರನ್ನು ಬೈಯುವುದು ನಿಲ್ಲಲಿಲ್ಲ, ಅದು ನಿಲ್ಲುವುದೂ ಇಲ್ಲ. ಆದರೆ ‘ಅವನು ಅವರ ಕಡೆಯವನು’ ಅನ್ನುವ ಮಾತು ಹೋಯಿತು.

ನಮ್ಮ ಸದನದಲ್ಲಿ ಅಂಪೈರ್ ಸ್ಪೀಕರ್. ಅವರು ಒಂದು ತಂಡದಿಂದ ಗೆದ್ದು ಬಂದವರು, ಮುಂದಿನ ಟಿಕೆಟ್ಟನ್ನೂ ಅದೇ ತಂಡದಿಂದ ಕೇಳಬೇಕಾದವರು. 1985ರ ಪಕ್ಷಾಂತರ ನಿಷೇಧ ಕಾಯ್ದೆ ಅನರ್ಹತೆಯ ತೀರ್ಮಾನವನ್ನು ಅವರ ಕೈಗೇ ಕೊಟ್ಟಿತು. 2019ರಲ್ಲಿ ಸ್ಪೀಕರ್ ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿದಾಗ ಒಂದು ಕಡೆಯವರು ಅದನ್ನು ನ್ಯಾಯ ಅಂದರು, ಇನ್ನೊಂದು ಕಡೆಯವರು ಪಕ್ಷಪಾತ ಅಂದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಮತ್ತೆ ಸ್ಪರ್ಧಿಸಲು ಬಿಟ್ಟಿತು. ಕಾಯ್ದೆಯ ಮಾತು ಕಾಯ್ದೆಗಿರಲಿ. ಜನರ ಮನಸ್ಸಿನಲ್ಲಿ ತೀರ್ಪು ತೀರ್ಪಾಗಿ ಇಳಿಯದಿದ್ದರೆ ಆಟ ಮುಗಿಯುವುದೇ ಇಲ್ಲ. ಈ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ: ಅನರ್ಹತೆಯ ತೀರ್ಮಾನ ಯಾವ ತಂಡಕ್ಕೂ ಸೇರದವರ ಕೈಗೆ ಹೋಗಬೇಕು.

ಆಟದ ನಿಷ್ಠೆಯನ್ನು ಪಕ್ಷಕ್ಕೆ ತರುವುದರಲ್ಲಿ ಮಾತ್ರ ನನಗೆ ಭಯವಿದೆ. ಆರ್‌ಸಿಬಿ ಹದಿನೇಳು ಸೀಸನ್ ಸೋತರೂ ಬಿಡದವನನ್ನು ನಾವು ಮೆಚ್ಚುತ್ತೇವೆ. ಮೆಚ್ಚಬೇಕಾದ್ದೇ. ಆ ತಂಡ ಅವನಿಗೆ ಯಾವ ಸಾಲವನ್ನೂ ತೀರಿಸಬೇಕಾಗಿಲ್ಲ, ಅವನ ಊರಿನ ಕೆರೆ ತುಂಬಿಸಬೇಕಾಗಿಲ್ಲ. ಪಕ್ಷ ಹಾಗಲ್ಲ. ಅದು ನಮ್ಮ ದುಡ್ಡು ಹಿಡಿದಿದೆ, ನಮ್ಮ ನೆಲದ ನಕ್ಷೆ ಹಿಡಿದಿದೆ. ಕೆಳಗೆ ಕಾಣುವ ಸೋಂಪುರದ ಕೈಗಾರಿಕೆ ಶೆಡ್ಡುಗಳ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿತ್ತು. ಆ ಜಮೀನಿಗೆ ಪರಿಹಾರ ಎಷ್ಟು, ಕೆಲಸ ಯಾರಿಗೆ ಅನ್ನುವುದನ್ನು ತೀರ್ಮಾನಿಸುವವರ ಬಗ್ಗೆ ನಾನು ಅಭಿಮಾನಿಯಾಗಿ ಕೂರುವಂತಿಲ್ಲ, ಗಿರಾಕಿಯ ಹಾಗೆ ಲೆಕ್ಕ ಕೇಳಬೇಕು.

ಆದರೆ ಇದಕ್ಕೂ ಒಂದು ಎದುರು ಮಾತಿದೆ, ಅದನ್ನು ನಾನು ತಳ್ಳಿಹಾಕಲಾರೆ. ಸೋತ ಪಕ್ಷದ ಜೊತೆ ಹತ್ತು ವರ್ಷ, ಇಪ್ಪತ್ತು ವರ್ಷ ಏನೂ ಸಿಗದೆ ನಿಂತವರಿಲ್ಲದಿದ್ದರೆ ವಿರೋಧ ಪಕ್ಷವೇ ಇರುವುದಿಲ್ಲ. ಎಲ್ಲರೂ ಲೆಕ್ಕ ನೋಡಿ ಗೆದ್ದವರ ಕಡೆ ಹೋದರೆ ಗೆದ್ದವರನ್ನು ಕೇಳುವವರು ಯಾರು? ಪೋಸ್ಟರ್ ಅಂಟಿಸುವ ಹುಡುಗನ ಮೊಂಡು ನಿಷ್ಠೆ ಪ್ರಜಾಪ್ರಭುತ್ವದ ಅಡಿಪಾಯದ ಒಂದು ಕಲ್ಲು. ಅವನನ್ನು ನಾನು ಅಭಿಮಾನಿ ಅಂತ ತಳ್ಳಿಬಿಟ್ಟರೆ ಅವನಿಗೂ ಅನ್ಯಾಯ, ಸತ್ಯಕ್ಕೂ ಅನ್ಯಾಯ.

ಊರೊಳಗೆ ಪಾರ್ಟಿಯೇ ಬೇಡ ಅಂತ ನಮ್ಮ ಕಾನೂನು ಒಂದು ಪ್ರಯತ್ನ ಮಾಡಿದೆ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ, ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗೆ ಇದೆ. ಅಶೋಕ್ ಮೆಹ್ತಾ ಸಮಿತಿ 1978ರಲ್ಲಿ ಪಕ್ಷಗಳು ಪಂಚಾಯಿತಿಯಲ್ಲಿ ಬಹಿರಂಗವಾಗಿ ಇರಲಿ ಅಂದಿತ್ತು. ಜಯಪ್ರಕಾಶ ನಾರಾಯಣರ ಕನಸು ಇದಕ್ಕೆ ತದ್ವಿರುದ್ಧ, ಪಕ್ಷವೇ ಇಲ್ಲದ ಗ್ರಾಮ. ನಮ್ಮ ಕಡೆ ಆಗಿರುವುದು ಇವೆರಡರ ನಡುವೆ: ಮತಪತ್ರದಲ್ಲಿ ಪಕ್ಷ ಇಲ್ಲ, ಬೀದಿಯಲ್ಲಿ ಇದೆ. ಹಾಗಂತ ಪೈಪೋಟಿಯೇ ಇಲ್ಲದ ಊರು ಸ್ವರ್ಗ ಅಲ್ಲ. 2020ರಲ್ಲಿ ರಾಜ್ಯದ ಕೆಲವು ಕಡೆ ಪಂಚಾಯಿತಿ ಸದಸ್ಯ ಸ್ಥಾನವನ್ನೇ ಹರಾಜು ಹಾಕಿ, ‘ಅವಿರೋಧ ಆಯ್ಕೆ’ ಮಾಡಿದ ಸುದ್ದಿ ಬಂತು, ರಾಜ್ಯ ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು. ಅವಿರೋಧ ಅನ್ನುವ ಸೊಗಸಾದ ಪದದೊಳಗೆ ಬಡವನ ಮತ ಮಾರಾಟವಾಗಿರುತ್ತದೆ. ಎರಡು ಪಾರ್ಟಿ ಇರುವ ಊರಿನಲ್ಲಿ ಚರಂಡಿಯ ಬಿಲ್ಲು ಯಾರಾದರೂ ಕೇಳುತ್ತಾರೆ, ಗ್ರಾಮಸಭೆಗೆ ಜನ ಬರುತ್ತಾರೆ. ಅಲ್ಲೇ ತಿಥಿಯೂಟಕ್ಕೆ ಕರೆಯುವುದು ನಿಲ್ಲುತ್ತದೆ, ಹೆಣ್ಣು ಕೊಡುವುದು ನಿಲ್ಲುತ್ತದೆ. ಎರಡೂ ಒಂದೇ ಗಿಡದ ಕಾಯಿ.

ಆಟಕ್ಕೂ ಊರಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ. ಆಟ ಮುಗಿದ ಮೇಲೆ ಸೊಹೈಲ್ ಲಾಹೋರಿಗೆ ಹೋದರು, ಪ್ರಸಾದ್ ಬೆಂಗಳೂರಿನಲ್ಲಿ ಉಳಿದರು. ನಡುವೆ ಗಡಿ ಇತ್ತು. ಹೂಕಾಯಿಯವರಿಗೂ ಆಟೋದವರಿಗೂ ನಡುವೆ ಇರುವುದು ಒಂದು ಬದು. ಮಾರನೇ ದಿನ ಅದೇ ಡೇರಿ, ಅದೇ ಬೋರ್‌ವೆಲ್ಲಿನ ಕರೆಂಟು ಬರುವ ಹೊತ್ತು, ಅದೇ ಸ್ಮಶಾನದ ದಾರಿ. ಕೈ ಕುಲುಕುವುದು ದುಬೈಯಲ್ಲಿ ಸೌಜನ್ಯ ಇರಬಹುದು, ಇಲ್ಲಿ ಅದು ಅಗತ್ಯ. ದುಬೈಯಲ್ಲಿ ಕೈ ತಡೆಹಿಡಿದದ್ದಕ್ಕೆ ಪಹಲ್ಗಾಮ್ ಅನ್ನುವ ಕಾರಣವಾದರೂ ಇತ್ತು. ಇಲ್ಲಿ ಇದ್ದದ್ದು ಕೆಲವೇ ಮತಗಳ ಅಂತರ.

ತುದಿಯಲ್ಲಿ ನಂದಿಯ ಹತ್ತಿರ ಗಾಳಿ ಜೋರಾಗಿತ್ತು. 4,500 ಅಡಿಗೂ ಎತ್ತರದ ಈ ಬೆಟ್ಟ ಪೂರ್ವದಿಂದ ಬಸವನಂತೆ, ಪಶ್ಚಿಮದಿಂದ ಗಣಪನಂತೆ, ಉತ್ತರದಿಂದ ಸರ್ಪದಂತೆ, ದಕ್ಷಿಣದಿಂದ ಲಿಂಗದಂತೆ ಕಾಣುತ್ತದೆ ಅನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಯಾರೂ ಇದಕ್ಕಾಗಿ ಜಗಳವಾಡಿದ್ದು ನಾನು ಕೇಳಿಲ್ಲ. ಪಶ್ಚಿಮದವರು ಪೂರ್ವದವರಿಗೆ ‘ಅದು ಬಸವ ಅಲ್ಲ’ ಅಂದಿಲ್ಲ. ಸಂಕ್ರಾಂತಿಯ ಬೆಳಗ್ಗೆ ಈ ತುದಿಯ ತೀರ್ಥಕಂಬದಲ್ಲಿ ಗಂಗೆ ಉಕ್ಕುತ್ತಾಳೆ ಅನ್ನುವುದು ನಂಬಿಕೆ. ಆ ನೀರು ಕೆಳಗಿಳಿದು ಗಂಗಾಧರೇಶ್ವರ–ಹೊನ್ನಾದೇವಿಯರ ಕಲ್ಯಾಣಕ್ಕೆ ಧಾರೆಯಾಗುತ್ತದೆ. ಆ ದಿನ ನಾಲ್ಕೂ ದಿಕ್ಕಿನ ಹಳ್ಳಿಯವರು ಒಂದೇ ಮೆಟ್ಟಿಲಲ್ಲಿ ಹತ್ತುತ್ತಾರೆ.

ಇಳಿದು ಬಂದಾಗ ಹನ್ನೊಂದು ದಾಟಿತ್ತು. ಸೋಮವಾರದ ಜನ ಹೆಚ್ಚಾಗಿ ಹೂಕಾಯಿಯವರ ಕೈ ಬಿಡುವಿರಲಿಲ್ಲ. ಆಟೋದವರು ಸವಾರಿ ಕಾಯುತ್ತ ಅದೇ ಬೆಂಚಿನಲ್ಲಿದ್ದರು. ನನ್ನನ್ನು ಕಂಡು ಹಿರಿಯರು ಕಾಯಿ ಒರೆಸುತ್ತಲೇ, “ಏನಂತೀರಿ ಸಾರ್?” ಅಂದರು.

“ಆಡಿದ ಮೇಲೆ ಕುಲುಕಬೇಕಿತ್ತು. ಆದರೆ ಕುಲುಕದವರ ನೋವು ಸುಳ್ಳಲ್ಲ” ಅಂದೆ.

ಅವರು ತಲೆಯಾಡಿಸಿದರು. ಗದ್ದದಿಂದ ಬಲಗಡೆ ಬೆಂಚು ತೋರಿಸಿ, “ಮೊದಲನೇ ಮಾತು ಅಲ್ಲಿಗೂ ಕೇಳೋ ಹಂಗೆ ಹೇಳಿ” ಅಂದರು.

ಆಟೋದವರಿಗೆ ಕೇಳಿಸಿತ್ತು. ಅವರು ಅಂಗಡಿಯವನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು. “ಮೊದಲು ಕೈ ನೀಡಬೇಕಾದ್ದು ಗೆದ್ದೋನಾ ಸೋತೋನಾ, ಅದನ್ನೂ ಹೇಳಿಬಿಡಿ ಸಾರ್” ಅಂದರು.